ಬೆಣ್ಣೆ ತುಂಬಿದ ಗುಂಡಿ

ಡಬ್ಲಿನ್‌ನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಕಳೆದ ತಿಂಗಳು ಫೋನ್ ಮಾಡಿದ್ದ. ಅಕ್ಟೋಬರ್ 31ರ ರಾತ್ರಿ ಹ್ಯಾಲೋವೀನ್ ಊಟ, ಆಫೀಸಿನ ಎಂಟು ಜನ ಒಬ್ಬರ ಮನೆಯಲ್ಲಿ ಸೇರುತ್ತಾರಂತೆ, ಒಬ್ಬೊಬ್ಬರದು ಒಂದೊಂದು ಅಡುಗೆ. "ನಾನು ಪುಳಿಯೋಗರೆ ಅಂದೆ ಮಾವ. ಅದು ದೀಪಾವಳಿಗಿರಲಿ, ಈ ಸಲ ಐರಿಶ್ ಅಡುಗೆಯೇ ಮಾಡು ಅಂದ್ರು. ಕಾರ್ನ್ಡ್ ಬೀಫು, ಎಲೆಕೋಸು ಅಂತ ಎಲ್ಲ ಕಡೆ ಕಾಣ್ತಾ ಇದೆ. ಅದನ್ನೇ ಮಾಡ್ಲಾ?"

"ಬೇಡ ಮಾರಾಯ" ಅಂದೆ. ಆ ಅಡುಗೆ ಐರಿಶರದೇ, ಆದರೆ ನ್ಯೂಯಾರ್ಕಿನ ಐರಿಶರದು. ಊರಿನಲ್ಲಿ ಹಬ್ಬಕ್ಕೆ ಉಪ್ಪು ಹಾಕಿಟ್ಟ ಹಂದಿಮಾಂಸವನ್ನು ಎಲೆಕೋಸಿನ ಜೊತೆ ಬೇಯಿಸುತ್ತಿದ್ದವರು, ಹಡಗು ಹತ್ತಿ ಹೋದ ಮೇಲೆ ಅಲ್ಲಿನ ಯಹೂದಿ ಕಸಾಯಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಉಪ್ಪು ಹಾಕಿದ ದನದ ಎದೆಮಾಂಸಕ್ಕೆ ಬದಲಾಯಿಸಿಕೊಂಡರು. ಹೆಸರಿನಲ್ಲಿರುವ ಕಾರ್ನ್ ಜೋಳವಲ್ಲ, ಹರಳುಪ್ಪಿನ ಕಾಳು. ತಮಾಷೆಯೆಂದರೆ 17, 18ನೇ ಶತಮಾನದಲ್ಲಿ ಉಪ್ಪು ಹಾಕಿದ ದನದ ಮಾಂಸಕ್ಕೆ ಐರ್ಲೆಂಡಿನ ಕಾರ್ಕ್ ಬಂದರೇ ಪ್ರಸಿದ್ಧ. ನೌಕಾಪಡೆಗಳಿಗೆ, ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ ಅಲ್ಲಿಂದಲೇ ಪೀಪಾಯಿ ಹೋಗುತ್ತಿತ್ತು. ದನ ಮೇಯಿಸಿದವನ ತಟ್ಟೆಗೆ ಮಾತ್ರ ಬೀಳುತ್ತಿರಲಿಲ್ಲ.

ಹಾಗಾದರೆ ಐರಿಶ್ ಸ್ಟ್ಯೂ? ಕುರಿಮಾಂಸ, ಆಲೂಗಡ್ಡೆ, ಈರುಳ್ಳಿ, ನೀರು ಇಷ್ಟೇ ಎನ್ನುವವರಿಗೂ ಕ್ಯಾರೆಟ್ ಬೇಕೆನ್ನುವವರಿಗೂ ಅಲ್ಲಿ ಮುಗಿಯದ ಜಗಳ. ಹಬ್ಬದ ಪಂಕ್ತಿಗೆ ಜಗಳ ಒಯ್ಯಬಾರದು. ಡಬ್ಲಿನ್‌ನವರ ಹೆಮ್ಮೆಯ ಕಾಡ್ಲ್ ಇದೆ. ಬಿಳಿಚಿಕೊಂಡ ಸಾಸೇಜುಗಳು ಆಲೂಗಡ್ಡೆಯ ತಿಳಿಯಲ್ಲಿ ತೇಲುವುದನ್ನು ನೋಡಿ ಹಸಿವಾಗಬೇಕಾದರೆ ಡಬ್ಲಿನ್‌ನಲ್ಲೇ ಹುಟ್ಟಿರಬೇಕು.

ನಾನು ಹೇಳಿದ್ದು ಕೋಲ್‌ಕ್ಯಾನನ್. ಬೇಯಿಸಿ ಮಸೆದ ಆಲೂಗಡ್ಡೆಗೆ ಕೇಲ್ ಸೊಪ್ಪನ್ನೋ ಎಲೆಕೋಸನ್ನೋ ಬೆರೆಸಿದ್ದು. ಐರಿಶ್ ಭಾಷೆಯಲ್ಲಿ ಹೆಸರಿನ ಅರ್ಥ ಬಿಳಿತಲೆಯ ಕೋಸು. "ಅಷ್ಟೇನಾ? ಆಲೂಗಡ್ಡೆ ಪಲ್ಯ!" ಅಂದ ಅವನು. ಅಷ್ಟೇ ಅಲ್ಲ. ನವೆಂಬರ್ 1 ಸಕಲ ಸಂತರ ಹಬ್ಬ. ಅದರ ಹಿಂದಿನ ದಿನ ಐರ್ಲೆಂಡಿನ ಕ್ಯಾಥೊಲಿಕರಿಗೆ ಮಾಂಸ ನಿಷಿದ್ಧವಾಗಿತ್ತು. ಹಾಗಾಗಿ ಹ್ಯಾಲೋವೀನ್ ರಾತ್ರಿಯ ಊಟವೆಂದರೆ ಕೋಲ್‌ಕ್ಯಾನನ್, ಆಲೂಗಡ್ಡೆಯ ಬಾಕ್ಸ್‌ಟಿ ದೋಸೆ, ಸೇಬು, ಒಣದ್ರಾಕ್ಷಿ ಹಾಕಿದ ಬಾರ್ಮ್‌ಬ್ರ್ಯಾಕ್ ಬ್ರೆಡ್ಡು. ನೇಮದ ಊಟವೇ ಹಬ್ಬದ ಊಟವಾಗಿದ್ದು ಹೇಗೆ ಅಂದರೆ, ಬೆಣ್ಣೆಯಿಂದ.

ಇದು ಅರ್ಥವಾಗಲು ಕಾರ್ಕ್ ಊರಿಗೇ ಮತ್ತೆ ಹೋಗಬೇಕು. 1770ರಲ್ಲಿ ಅಲ್ಲಿನ ಶ್ಯಾಂಡನ್ ಬಡಾವಣೆಯಲ್ಲಿ ಶುರುವಾದ ಬೆಣ್ಣೆ ಮಂಡಿ 19ನೇ ಶತಮಾನದಲ್ಲಿ ಜಗತ್ತಿಗೇ ದೊಡ್ಡದೆನಿಸಿತ್ತು. ಕೆರಿಯ ಬೆಟ್ಟಗಳಿಂದ ಬೆಣ್ಣೆ ಬರಲಿಕ್ಕೆಂದೇ ಇದ್ದ ಹಾದಿಗಳನ್ನು ಇವತ್ತಿಗೂ ಬಟರ್ ರೋಡ್ ಎನ್ನುತ್ತಾರೆ. ಒಂದೊಂದು ಮರದ ಪೀಪಾಯಿಯಲ್ಲಿ ಸುಮಾರು 25 ಕಿಲೋ ಉಪ್ಪು ಬೆಣ್ಣೆ. ಪರೀಕ್ಷಕ ಉದ್ದನೆಯ ಸಲಾಕೆಯನ್ನು ಪೀಪಾಯಿಯ ಒಳಕ್ಕಿಳಿಸಿ, ಅಂಟಿ ಬಂದ ಬೆಣ್ಣೆಯನ್ನು ಮೂಸಿ, ನಾಲಿಗೆಗೆ ಹಚ್ಚಿ ದರ್ಜೆ ಹಾಕುತ್ತಿದ್ದ. ಹಸು ಸಾಕಿದ ಸಣ್ಣ ಗೇಣಿದಾರನಿಗೆ ಆ ದರ್ಜೆಯ ಮೇಲೆಯೇ ವರ್ಷದ ಗೇಣಿ. ಹಂದಿಯನ್ನು ಅವರು ಗೇಣಿ ಕಟ್ಟುವ ಯಜಮಾನರು ಎಂದು ಗೌರವದಿಂದ ಕರೆಯುತ್ತಿದ್ದರು. ಬೆಣ್ಣೆಯೂ ಅದೇ ಮನೆತನದ್ದು. ಕಡೆದವರಿಗೆ ಉಳಿಯುತ್ತಿದ್ದದ್ದು ಮಜ್ಜಿಗೆ. ಆಲೂಗಡ್ಡೆಯನ್ನು ಅದರ ಜೊತೆ ತಿನ್ನುತ್ತಿದ್ದರು, ದುಡಿಯುವ ಗಂಡಾಳು ದಿನಕ್ಕೆ ಐದಾರು ಕಿಲೋದಷ್ಟು. 1845ರಲ್ಲಿ ಆ ಆಲೂಗಡ್ಡೆಗೆ ರೋಗ ಬಡಿದು, ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆಗಲೂ ಬಂದರಿನಿಂದ ಬೆಣ್ಣೆಯ ಪೀಪಾಯಿಗಳು ಹೊರಡುವುದು ನಿಲ್ಲಲಿಲ್ಲ.

ಅಂಥ ಮನೆಯಲ್ಲಿ ವರ್ಷಕ್ಕೊಂದು ರಾತ್ರಿ, ಮಾರಬೇಕಾದ ಬೆಣ್ಣೆ ಮಾರದೆ ಉಳಿದು ಆಲೂಗಡ್ಡೆಯ ಮೇಲೆ ಕರಗುತ್ತದೆ. ಪದಾರ್ಥ ದಿನದ್ದೇ, ಪಾತ್ರೆ ದಿನದ್ದೇ. ಬೆಣ್ಣೆ ಮಾತ್ರ ಹಬ್ಬದ್ದು. ಆದ್ದರಿಂದ ಕೋಲ್‌ಕ್ಯಾನನ್‌ನಲ್ಲಿ ಬೆಣ್ಣೆಗೆ ಕೈ ಹಿಡಿಯುವವನ ಮೇಲೆ ನನಗೆ ಕರುಣೆಯಿಲ್ಲ.

ಎಂಟು ಜನಕ್ಕೆ 2 ಕಿಲೋ ಆಲೂಗಡ್ಡೆ, ಬೆಂದರೆ ಹಿಟ್ಟುಹಿಟ್ಟಾಗಿ ಬಿರಿಯುವಂಥದ್ದು. ಅಲ್ಲಿ ರೂಸ್ಟರ್, ಕೆರ್ಸ್ ಪಿಂಕ್ ಎಂದು ಹೆಸರಿಟ್ಟೇ ಮಾರುತ್ತಾರೆ. ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಲಿ. ಅರೆ ಬೆಂದ ಮೇಲೆ ಮುಕ್ಕಾಲು ನೀರು ಬಸಿದು, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಹಬೆಗೆ ಬಿಡಬೇಕು. ನೀರು ಕುಡಿದ ಆಲೂಗಡ್ಡೆ ಹಾಲು ಕುಡಿಯುವುದಿಲ್ಲ. ಅರ್ಧ ಕಿಲೋ ಕೇಲ್ ಸೊಪ್ಪಿನ ನಾರುದಂಟು ತೆಗೆದು ಬೇರೆಯಾಗಿ ಬೇಯಿಸಿ, ಹಿಂಡಿ, ಸಣ್ಣಗೆ ಹೆಚ್ಚಬೇಕು. ಮಂಜು ಬಿದ್ದ ಮೇಲೆ ಕಿತ್ತ ಸೊಪ್ಪಿಗೆ ಸಿಹಿ ಬಂದಿರುತ್ತದೆ. ಅರ್ಧ ಲೀಟರ್ ಹಾಲಿನಲ್ಲಿ ಈರುಳ್ಳಿ ಸೊಪ್ಪು ಹಾಕಿ ಕುದಿಸಿ, ಬಿಸಿಯಿರುವಾಗಲೇ ಸುಲಿದ ಆಲೂಗಡ್ಡೆಗೆ ಸುರಿದು ಕೈಯಿಂದ ಮಸೆಯಬೇಕು. ಮಿಕ್ಸಿಗೆ ಹಾಕಿದರೆ ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದು. ಸೊಪ್ಪು ಬೆರೆಸಿ, ಬೋಗುಣಿಯಲ್ಲಿ ಗುಡ್ಡೆ ಹಾಕಿ, ನಡುವೆ ಗುಂಡಿ ತೋಡಿ, ಅದರ ತುಂಬ ಉಪ್ಪು ಬೆಣ್ಣೆ. ಅಂಚಿನಿಂದ ಒಂದೊಂದೇ ತುತ್ತು ತೆಗೆದು ಗುಂಡಿಯಲ್ಲಿ ಅದ್ದಿ ತಿನ್ನುತ್ತ ಒಳಕ್ಕೆ ಬರಬೇಕು. ಅನ್ನದ ನಡುವೆ ಗುಂಡಿ ಮಾಡಿ ಸಾರು ಬಡಿಸಿಕೊಳ್ಳುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಒಂದು ಸಾಸಿವೆ ಒಗ್ಗರಣೆ?" ಅಂದ.

"ಫೋನ್ ಇಡ್ತೀನಿ" ಅಂದೆ. ಇಡಲಿಲ್ಲ, ಇನ್ನೊಂದು ಹೇಳುವುದಿತ್ತು. ಹ್ಯಾಲೋವೀನ್ ಕೋಲ್‌ಕ್ಯಾನನ್‌ನೊಳಗೆ ಉಂಗುರ, ನಾಣ್ಯ, ಹೊಲಿಯುವಾಗ ಬೆರಳಿಗೆ ಹಾಕುವ ಟೋಪಿ, ಅಂಗಿಯ ಗುಂಡಿ ಹುದುಗಿಸುತ್ತಿದ್ದರು. ಉಂಗುರ ಸಿಕ್ಕವರಿಗೆ ಮದುವೆ, ನಾಣ್ಯ ಸಿಕ್ಕವರಿಗೆ ದುಡ್ಡು, ಬೆರಳ ಟೋಪಿ ಸಿಕ್ಕವಳು ಕನ್ಯೆಯಾಗಿಯೇ ಉಳಿಯುತ್ತಾಳೆ, ಗುಂಡಿ ಸಿಕ್ಕವನು ಬ್ರಹ್ಮಚಾರಿ. ಮದುವೆಯಾಗದ ಹುಡುಗಿಯರು ಮೊದಲ ಮತ್ತು ಕೊನೆಯ ತುತ್ತನ್ನು ಕಾಲುಚೀಲಕ್ಕೆ ತುಂಬಿ ಬಾಗಿಲಿಗೆ ನೇತುಹಾಕುವುದೂ ಇತ್ತು. ಮೊದಲು ಒಳಗೆ ಬಂದ ಗಂಡಸೇ ಗಂಡ. ಕಾಲುಚೀಲ ಬೇಡ, ಉಳಿದದ್ದನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಹಾಕು, ತಿನ್ನುವ ಮೊದಲೇ ಎಲ್ಲರಿಗೂ ಹೇಳು, ಅಲ್ಲಿ ಹಲ್ಲಿನ ಡಾಕ್ಟರು ದುಬಾರಿ ಎಂದೆ.

ನವೆಂಬರ್ 1ರ ಬೆಳಿಗ್ಗೆ ಫೋಟೊ ಬಂತು. ಬೋಗುಣಿ ಖಾಲಿ, ತಳದಲ್ಲಿ ಹಳದಿ ಜಿಡ್ಡು ಮಾತ್ರ. ಅದರ ಪಕ್ಕದಲ್ಲಿ, ಅವನ ಅಂಗೈಯಲ್ಲಿ, ನಾಲ್ಕು ತೂತಿನ ಒಂದು ಗುಂಡಿ. ನಾನು ಅದನ್ನು ಮನೆಯ ಗುಂಪಿಗೆ ಹಾಕಬಾರದಿತ್ತು. ಅಕ್ಕ ಅದೇ ಮಧ್ಯಾಹ್ನ ಅವನ ಜಾತಕ ಹಿಡಿದು ಜೋಯಿಸರ ಮನೆಗೆ ಹೊರಟಳು.