ಹತ್ತು ವರ್ಷದಿಂದ ಕಟ್ಟುತ್ತಲೇ ಇದ್ದಾರೆ

ಕರುಣ್ ನಾಯರ್ ವಾಪಸ್ ಬಂದರು. ಎರಡು ಸೀಸನ್ ವಿದರ್ಭಕ್ಕೆ ಆಡಿ, ಈ ಸಲ ಮತ್ತೆ ಕರ್ನಾಟಕಕ್ಕೇ ಆಡ್ತಾರಂತೆ ಅನ್ನೋ ಸುದ್ದಿ 2025ರ ಜುಲೈನಲ್ಲಿ ಬಂದಾಗ ದಾಂಡೇಲಿಯ ನಮ್ಮ ಕ್ರಿಕೆಟ್ ಗುಂಪಿನಲ್ಲಿ ಹಬ್ಬದ ವಾತಾವರಣ. ನನಗೂ ಖುಷಿ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ಖುಷಿಯ ಬೆನ್ನಿಗೇ ಸಿಟ್ಟೂ ಬಂತು. ಬರೋದೇನೋ ಸರಿ, ಅವರು ಹೋಗುವ ಹಾಗೆ ಮಾಡಿದ್ದು ಯಾಕೆ?

ಇದಕ್ಕೆ ಸಿದ್ಧ ಉತ್ತರ ಒಂದಿದೆ: ‘ತಂಡ ಕಟ್ಟುವ ಹಂತದಲ್ಲಿದ್ದೇವೆ, ಹೊಸಬರಿಗೆ ಅವಕಾಶ ಕೊಡಬೇಕು, ಸ್ವಲ್ಪ ತಾಳ್ಮೆ ಇರಲಿ.’ ಕರ್ನಾಟಕ ರಣಜಿಯಲ್ಲಿ ಸೋತಾಗಲೆಲ್ಲ ಈ ಮಾತು ಒಂದಿಲ್ಲೊಂದು ಬಾಯಿಂದ ಬರುತ್ತದೆ. ಒಮ್ಮೆ ಹುಬ್ಬಳ್ಳಿಯ ರಾಜನಗರ ಮೈದಾನಕ್ಕೆ ಮ್ಯಾಚ್ ನೋಡಲು ಹೊರಟಿದ್ದೆ. ಹಳಿಯಾಳದಲ್ಲಿ ಬಸ್ ಹತ್ತಿದ ಗೌಂಡಿ ಕಾಕಾ ಒಬ್ಬರು ಪಕ್ಕದಲ್ಲಿ ಕೂತರು. ಮಾತಿಗೆ ಮಾತು ಬಂದು ನಾನು ಇದನ್ನೇ ಹೇಳಿದೆ. ಅವರು ನಕ್ಕರು. “ತಮ್ಮಾ, ಹತ್ ವರ್ಷ ಕಟ್ಟಾಕತ್ತೀನಿ ಅಂದ್ರ ಮನಿ ಮಾಲಕ ನನ್ನ ಸುಮ್ನ ಬಿಡ್ತಾನೇನು? ಪಾಯಾ ಎಲ್ಲಿ ಅದ, ತೋರ್ಸು ಅಂತಾನ.”

ಅಂದಿನಿಂದ ನಾನೂ ಅದನ್ನೇ ಕೇಳ್ತಾ ಇದ್ದೀನಿ. ಪಾಯ ಎಲ್ಲಿದೆ?

ಕಾಯುವುದು ನಮಗೆ ಹೊಸದಲ್ಲ. ಕರ್ನಾಟಕ ಇದುವರೆಗೆ ಎಂಟು ಸಲ ರಣಜಿ ಗೆದ್ದಿದೆ. 1982-83ರಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದದ್ದು 1995-96ರಲ್ಲಿ. ವಿಶ್ವನಾಥ್, ಕಿರ್ಮಾನಿಯವರ ತಲೆಮಾರು ಸರಿದು ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಬಂದು ನಿಲ್ಲುವುದಕ್ಕೆ ಅಷ್ಟು ಕಾಲ ಬೇಕಾಯಿತು. ಆ ವರ್ಷದ ಗೆಲುವಿನಲ್ಲಿ ನಮ್ಮ ಕಡೆಯವರೂ ಒಬ್ಬರಿದ್ದರು. ಗದಗದ ಸುನಿಲ್ ಜೋಶಿ. ಹುಡುಗರಾಗಿದ್ದಾಗ ಗದಗದಿಂದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ ಹೋಗ್ತಿದ್ದವರು, ಆ ಸೀಸನ್ನಿನಲ್ಲಿ 529 ರನ್ ಹೊಡೆದು 52 ವಿಕೆಟ್ ತೆಗೆದರು.

1998-99ರ ಗೆಲುವಿನ ನಂತರ ಮತ್ತೊಂದು ಬರ, ಅದು ಹದಿನೈದು ವರ್ಷದ್ದು. ನಡುವೆ 2010ರ ಜನವರಿಯಲ್ಲಿ ಮೈಸೂರಿನ ಫೈನಲ್. ಮುಂಬೈ ಎದುರು 338 ರನ್ ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು, ಆದರೂ ಆರು ರನ್ನಿನಿಂದ ಸೋತೆವು. ಅವತ್ತಿನ ಸಂಕಟ ಇವತ್ತಿಗೂ ಮರೆತಿಲ್ಲ. ಆದರೆ ಆ ಸೋಲಿನ ನಂತರ ಏನಾಯಿತು ನೋಡಿ. ವಿನಯ್ ಕುಮಾರ್, ಮಿಥುನ್, ಅರವಿಂದ್ ಮೂವರೂ ವೇಗದ ಬೌಲರುಗಳಾಗಿ ತಂಡದಲ್ಲೇ ಉಳಿದರು. ಅವರ ಜೊತೆಗೆ ರಾಹುಲ್, ಕರುಣ್, ಸಮರ್ಥ್ ಒಬ್ಬೊಬ್ಬರಾಗಿ ಸೇರಿಕೊಂಡರು. ಹಳಬರ ಹೆಗಲ ಮೇಲೆ ಹೊಸಬರು ನಿಂತರು. 2013-14 ಮತ್ತು 2014-15, ಎರಡೂ ಸೀಸನ್ನಿನಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್ ನಮ್ಮವೇ. 2015ರ ಫೈನಲ್ಲಿನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ಕರುಣ್ ಹೊಡೆದದ್ದು 328. ಕಟ್ಟುವುದು ಅಂದರೆ ಅದು.

ಆಮೇಲಿನ ಹತ್ತು ವರ್ಷದ ಲೆಕ್ಕ ಹೇಳಬೇಕೆಂದರೆ ಗಂಟಲು ಕಟ್ಟುತ್ತದೆ. 2017ರ ಡಿಸೆಂಬರ್, ಕೋಲ್ಕತ್ತದ ಸೆಮಿಫೈನಲ್: ವಿದರ್ಭದ ಎದುರು 198 ಬೇಕಿತ್ತು, 192ಕ್ಕೆ ಮುಗಿದೆವು. 2019ರ ಸೆಮಿಫೈನಲ್ ನಮ್ಮ ಬೆಂಗಳೂರಿನಲ್ಲೇ, ಸೌರಾಷ್ಟ್ರದ ಪೂಜಾರ ಅಲುಗಾಡದೆ ನಿಂತುಬಿಟ್ಟರು. 2020ರಲ್ಲಿ ಬಂಗಾಳ. 2023ರಲ್ಲಿ ಮತ್ತೆ ಬೆಂಗಳೂರು, ಮತ್ತೆ ಸೌರಾಷ್ಟ್ರ. ಮಯಾಂಕ್ 249 ಹೊಡೆದರೂ ಸೋತೆವು. 2024-25ರ ಸೀಸನ್ನಿನಲ್ಲಂತೂ ನಾಕೌಟಿಗೇ ಹೋಗಲಿಲ್ಲ. ನಮ್ಮದೇ ಗುಂಪಿನಿಂದ ಹೋದ ಕೇರಳ ಫೈನಲ್ ಆಡಿತು.

ಸೋತದ್ದಕ್ಕೆ ನನ್ನ ತಕರಾರಿಲ್ಲ, ಸೆಮಿಫೈನಲ್ ತನಕ ಹೋಗಿ ಸೋಲುವ ತಂಡ ಕೆಟ್ಟ ತಂಡವಲ್ಲ. ಪ್ರತಿ ಸೋಲಿನ ನಂತರ ನಾವು ಮಾಡಿದ್ದೇನು ಅನ್ನೋದೇ ನನ್ನ ತಕರಾರು. ಕಟ್ಟುವ ಹೆಸರಿನಲ್ಲಿ ನಾವು ಗೋಡೆ ಒಡೆಯುತ್ತಾ ಬಂದಿದ್ದೇವೆ. ಆ ಕಲ್ಲು ಯಾರ ಮನೆಗೆ ಹೋಯಿತು ಅಂತ ನೋಡಿದರೆ ಇದು ಅರ್ಥ ಆಗ್ತದೆ.

2017ರಲ್ಲಿ ನಮ್ಮನ್ನು ಐದು ರನ್ನಿನಿಂದ ಸೋಲಿಸಿದ ವಿದರ್ಭದ ಪರ ಗಣೇಶ್ ಸತೀಶ್ ಆಡುತ್ತಿದ್ದರು. ದಾವಣಗೆರೆಯಲ್ಲಿ ಹುಟ್ಟಿದವರು, 2013-14ರ ನಮ್ಮ ಗೆಲುವಿನ ತಂಡದಲ್ಲಿದ್ದವರು. ವಿನಯ್ ಕುಮಾರ್ ಪುದುಚೇರಿಗೆ ಹೋದರು. ಶ್ರೇಯಸ್ ಗೋಪಾಲ್ ಕೇರಳಕ್ಕೆ ಹೋಗಿ ಬಂದರು. ಸಮರ್ಥ್ ಉತ್ತರಾಖಂಡಕ್ಕೆ, ಸುಚಿತ್ ನಾಗಾಲ್ಯಾಂಡಿಗೆ. ಒಬ್ಬೊಬ್ಬರದೂ ಒಂದೊಂದು ಕಾರಣ ಇದ್ದೀತು. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಇನ್ನು ಕರುಣ್. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಎದುರು ಔಟಾಗದೆ 303. 2022-23ರ ಹೊತ್ತಿಗೆ ಅದೇ ಮನುಷ್ಯನಿಗೆ ರಾಜ್ಯ ತಂಡದಲ್ಲೇ ಜಾಗ ಇಲ್ಲ. ಕ್ರಿಕೆಟ್ಟೇ ಇನ್ನೊಂದು ಅವಕಾಶ ಕೊಡು ಅನ್ನೋ ಅರ್ಥದಲ್ಲಿ ಅವರು ಬರೆದುಕೊಂಡದ್ದನ್ನು ಓದಿದವರಿಗೆ ಆ ನೋವು ಗೊತ್ತು. ವಿದರ್ಭ ಕರೆಯಿತು, ಹೋದರು. 2024ರ ಫೆಬ್ರವರಿಯಲ್ಲಿ ನಾಗಪುರದ ಕ್ವಾರ್ಟರ್‌ಫೈನಲ್ಲಿನಲ್ಲಿ ನಮ್ಮ ಎದುರೇ 90 ಹೊಡೆದರು, ನಾವು ಮನೆಗೆ ಬಂದೆವು. ಅದರ ಮುಂದಿನ ಸೀಸನ್ನಿನ ವಿಜಯ್ ಹಜಾರೆಯಲ್ಲಿ ಐದು ಶತಕ, 779 ರನ್. ರಣಜಿ ಫೈನಲ್ಲಿನಲ್ಲಿ 86 ಮತ್ತು 135, ಕಪ್ ವಿದರ್ಭಕ್ಕೆ. ಎಂಟು ವರ್ಷದ ನಂತರ ಭಾರತದ ಟೆಸ್ಟ್ ತಂಡಕ್ಕೂ ಮರಳಿದರು.

ಆಯ್ಕೆದಾರರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಅವರನ್ನು ಕೈಬಿಡುವ ಮುಂಚಿನ ವರ್ಷಗಳಲ್ಲಿ ಕರುಣ್ ರನ್ ಹೊಡೆಯುತ್ತಿರಲಿಲ್ಲ. ಇರೋದು ಹನ್ನೊಂದೇ ಜಾಗ, ಹೊರಗೆ ಹುಡುಗರ ಸಾಲು. ಆ ಕುರ್ಚಿಯಲ್ಲಿ ನಾನಿದ್ದರೂ ಒಂದೆರಡು ಪಂದ್ಯಕ್ಕೆ ಕೂರಿಸುತ್ತಿದ್ದೆನೇನೋ. ಆದರೆ ಹಳಿಯಾಳದ ಯಾವ ಗರಡಿಗಾದರೂ ಹೋಗಿ ಕೇಳಿ. ಪೈಲ್ವಾನ ನಾಲ್ಕು ಕುಸ್ತಿ ಸೋತ ಅಂತ ವಸ್ತಾದರು ಅವನನ್ನು ಮನೆಗೆ ಕಳಿಸೋದಿಲ್ಲ. ಮಣ್ಣಿಗೆ ಇಳಿಸ್ತಾರೆ, ತಾಲೀಮು ಹೆಚ್ಚಿಸ್ತಾರೆ, ಎಳೆಯರ ಜೊತೆ ಆಡಿಸ್ತಾರೆ. ಅವನೂ ಗಟ್ಟಿಯಾಗ್ತಾನೆ, ಅವನ ಪಟ್ಟು ನೋಡಿ ಎಳೆಯರೂ ಕಲೀತಾರೆ. ಕೂರಿಸುವುದಕ್ಕೂ ಕಳಿಸುವುದಕ್ಕೂ ವ್ಯತ್ಯಾಸ ಇದೆ. ನಾವು ಕಳಿಸಿದೆವು.

ಆರ್‌ಸಿಬಿ ನೋಡಿ, ಮೂವರನ್ನು ಇಟ್ಟುಕೊಂಡು ಉಳಿದವರನ್ನೆಲ್ಲ ಬಿಟ್ಟು ಕಪ್ ಗೆಲ್ಲಲಿಲ್ಲವೇ ಅಂತ ಗುಂಪಿನಲ್ಲಿ ಒಬ್ಬರು ವಾದಿಸಿದರು. ಗೆದ್ದರು, ನಾನೂ ಕುಣಿದೆ. ಮರುದಿನ ಚಿನ್ನಸ್ವಾಮಿ ಮೈದಾನದ ಹೊರಗೆ 11 ಜನ ಸತ್ತ ಸುದ್ದಿ ಬಂದಾಗ ಆ ಕುಣಿತ ನೆನೆದು ನಾಚಿಕೆ ಆಯ್ತು, ಅದು ಬೇರೆ ಮಾತು. ವಾದಕ್ಕೆ ಬರೋಣ. ಆರ್‌ಸಿಬಿ ತಂಡ ತಯಾರಾದದ್ದು 2024ರ ನವೆಂಬರಿನಲ್ಲಿ, ಜೆಡ್ಡಾದ ಹರಾಜಿನಲ್ಲಿ, ಎರಡು ದಿನದಲ್ಲಿ. ಫೈನಲ್ ಆಡಿದ ಹನ್ನೊಂದರಲ್ಲಿ ಕರ್ನಾಟಕದವರು ಮಯಾಂಕ್ ಅಗರ್ವಾಲ್ ಒಬ್ಬರೇ. ಅವರೂ ಪಡಿಕ್ಕಲ್ ಗಾಯಗೊಂಡ ಮೇಲೆ ಬದಲಿಯಾಗಿ ಬಂದವರು. ಅದು ಸಂತೆ. ದುಡ್ಡಿದ್ದರೆ ಈ ವರ್ಷ ಮಾರಿ ಮುಂದಿನ ವರ್ಷ ಕೊಳ್ಳಬಹುದು. ರಣಜಿ ತಂಡ ಹೊಲ ಇದ್ದ ಹಾಗೆ. ಬಿತ್ತಿದವನೇ ಕಾಯಬೇಕು. ಸಂತೆಯ ಬುದ್ಧಿಯನ್ನು ಹೊಲಕ್ಕೆ ತಂದರೆ ಬೆಳೆ ಬರೋದಿಲ್ಲ.

ಕಟ್ಟೋದನ್ನ ಅರ್ಧಕ್ಕೆ ಬಿಟ್ಟರೆ ಏನಾಗ್ತದೆ ಅಂತ ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯವರಿಗೆ ಬೇರೆಯವರು ಹೇಳಬೇಕಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ನಮ್ಮ ಸಿದ್ದಿ ಮಕ್ಕಳನ್ನು ಆರಿಸಿಕೊಂಡು ಹೋದರು. ಇವರ ಮೂಲ ಆಫ್ರಿಕಾ, ಓಟದಲ್ಲಿ ದೇಶಕ್ಕೆ ಪದಕ ತರ್ತಾರೆ ಅಂತ ದೊಡ್ಡ ಕನಸು. ಒಳ್ಳೆ ಊಟ, ಬೂಟು, ತರಬೇತಿ ಎಲ್ಲ ಕೊಟ್ಟರು. 1993ರ ಹೊತ್ತಿಗೆ ಯೋಜನೆಯನ್ನೇ ನಿಲ್ಲಿಸಿದರು. ಹತ್ತು-ಹನ್ನೆರಡನೇ ವಯಸ್ಸಿಗೆ ಹೋದ ಮಗು ಓಟಗಾರನಾಗಲು ಅಷ್ಟು ವರ್ಷ ಸಾಲದು ಅನ್ನೋದು ಆರಿಸಿದವರಿಗೆ ಗೊತ್ತಿರಲಿಲ್ಲವೇ? ಕ್ರಿಕೆಟ್ ಸೋಲನ್ನು ಇದರ ಪಕ್ಕದಲ್ಲಿ ಇಡುವುದು ಸರಿಯಲ್ಲ ಅಂತ ನನಗೂ ಗೊತ್ತು. ಕರುಣ್‌ಗೆ ಕರೆಯಲು ವಿದರ್ಭ ಇತ್ತು, ಆ ಮಕ್ಕಳಿಗೆ ಯಾವ ವಿದರ್ಭವೂ ಇರಲಿಲ್ಲ. ಆದರೆ ತಪ್ಪು ಒಂದೇ ಜಾತಿಯದು. ಕಟ್ಟುವವರಿಗೆ ಫಲ ಬೇಗ ಬೇಕು, ತಾಳ್ಮೆ ಮಾತ್ರ ಬೇರೆಯವರು ಇಟ್ಟುಕೊಳ್ಳಬೇಕು.

ಬೇರೆಯವರನ್ನು ಬೈದು ನಾವು ನುಣುಚಿಕೊಳ್ಳುವ ಹಾಗೂ ಇಲ್ಲ. ಕರುಣ್ ಸಾಲಾಗಿ ಬೇಗ ಔಟಾಗುತ್ತಿದ್ದಾಗ ‘ತೆಗೀರಿ ಇವನನ್ನ’ ಅಂತ ನಮ್ಮ ಗುಂಪಿನಲ್ಲೇ ಬರೆದವರಿದ್ದಾರೆ. ಹುಡುಕಿದರೆ ಅದರಲ್ಲಿ ನನ್ನದೂ ಒಂದು ಸಾಲು ಸಿಗುತ್ತದೆ. ಅವತ್ತು ಹುಬ್ಬಳ್ಳಿಯಲ್ಲಿ ಮ್ಯಾಚ್ ನೋಡುವಾಗ ಸುತ್ತಮುತ್ತ ಖಾಲಿ ಮೆಟ್ಟಿಲುಗಳೇ ಜಾಸ್ತಿ ಇದ್ದವು. ಫೈನಲ್ ಬಂದಾಗ ಮಾತ್ರ ಎಚ್ಚರಾಗುವ ಅಭಿಮಾನಿಗೆ ತಾಳ್ಮೆಯ ಬಗ್ಗೆ ಭಾಷಣ ಮಾಡುವ ಹಕ್ಕು ಎಷ್ಟಿದೆ?

ಇಷ್ಟೆಲ್ಲ ಆದ ಮೇಲೂ ಆಸೆ ಬಿಡೋದಿಲ್ಲ ನೋಡಿ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಕೂಚ್ ಬೆಹಾರ್ ಫೈನಲ್ ನಡೆಯಿತು, ಹತ್ತೊಂಬತ್ತರೊಳಗಿನವರದು. ಮುಂಬೈ ಎದುರು ಪ್ರಖರ್ ಚತುರ್ವೇದಿ ಅನ್ನೋ ಹುಡುಗ ಔಟಾಗದೆ 404 ಹೊಡೆದ. ಕರ್ನಾಟಕಕ್ಕೆ ಆ ಟ್ರೋಫಿ ಸಿಕ್ಕಿದ್ದು ಅದೇ ಮೊದಲು. 2025ರ ಜನವರಿಯಲ್ಲಿ ಸ್ಮರಣ್ ರವಿಚಂದ್ರನ್ ವಿಜಯ್ ಹಜಾರೆ ಫೈನಲ್ಲಿನಲ್ಲಿ 101 ಹೊಡೆದು ವಿದರ್ಭದ ಎದುರೇ ಕಪ್ ಗೆಲ್ಲಿಸಿದ, ಕರುಣ್ ನಾಯಕನಾಗಿದ್ದ ವಿದರ್ಭ. ಅದೇ ತಿಂಗಳು ರಣಜಿಯಲ್ಲಿ ಪಂಜಾಬ್ ಎದುರು 203. ಕಲ್ಲು ಬಂದಿದೆ, ಒಳ್ಳೆ ಕಲ್ಲೇ ಬಂದಿದೆ.

ಈ ಹುಡುಗರೂ ಒಂದು ದಿನ ರನ್ ಹೊಡೆಯಲಾರದೆ ಒದ್ದಾಡುತ್ತಾರೆ. ಎಲ್ಲ ಬ್ಯಾಟ್ಸ್‌ಮನ್ನರಿಗೂ ಆ ದಿನ ಬರುತ್ತದೆ. ತಂಡ ಕಟ್ಟುತ್ತಿದ್ದೇವೋ ಇಲ್ಲವೋ ಅಂತ ಗೊತ್ತಾಗೋದು ಆವತ್ತು, ಕಪ್ ಗೆದ್ದ ದಿನ ಅಲ್ಲ. ಸ್ಮರಣ್ ಸಾಲಾಗಿ ಐದು ಇನ್ನಿಂಗ್ಸ್ ಸೋತಾಗ ಪಕ್ಕದಲ್ಲಿ ಕರುಣ್‌ನಂಥ, ಬಿದ್ದು ಎದ್ದ ಹಿರಿಯ ಒಬ್ಬ ಇರಬೇಕು. ಆಯ್ಕೆದಾರರು ಇನ್ನೊಂದು ಪಂದ್ಯ ಕೊಡಬೇಕು. ನಾವು ಮೊಬೈಲ್ ಕೆಳಗಿಡಬೇಕು.

ಅಕ್ಟೋಬರಿನಲ್ಲಿ ಸೀಸನ್ ಶುರು. ಹುಬ್ಬಳ್ಳಿಯಲ್ಲಿ ಮ್ಯಾಚ್ ಬಿದ್ದರೆ ಹೋಗ್ತೀನಿ. ದಾಂಡೇಲಿಯಿಂದ ಧಾರವಾಡ, ಅಲ್ಲಿಂದ ಚಿಗರಿ ಬಸ್ಸು. ಗೌಂಡಿ ಕಾಕಾ ಮತ್ತೆ ಸಿಕ್ಕರೆ ಪಾಯದ ವಿಷಯ ಹೇಳಬೇಕು. ಪಾಯ ಇದೆ ಕಾಕಾ, ಈ ಸಲ ಅದರ ಮೇಲೆ ಗೋಡೆ ಏಳಲು ಬಿಡ್ತಾರಾ ಅನ್ನೋದೇ ಪ್ರಶ್ನೆ.