ಎಂಟು ಮಂದಿ ವಸ್ತಾದರು

2025ರ ಜೂನ್ 3ರ ರಾತ್ರಿ ಜಲನಗರದ ನಮ್ಮ ಓಣಿಯಲ್ಲಿ ಯಾರೂ ಮಲಗಲಿಲ್ಲ. ರಾಯಲ್ ಚಾಲೆಂಜರ್ಸ್ ತಂಡ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ, 18ನೆಯ ವರ್ಷಕ್ಕೆ ಮೊದಲ ಸಲ ಐಪಿಎಲ್ ಕಪ್ಪು ಎತ್ತಿತ್ತು. ಬೆಂಗಳೂರು ನಮಗೆ 500 ಕಿಲೋಮೀಟರಿಗೂ ಹೆಚ್ಚು ದೂರ, ಸೊಲ್ಲಾಪುರ ಬರೀ 100. ಆದರೂ ಪಟಾಕಿಯ ಅಬ್ಬರ ಕೇಳಿದರೆ ಚಿನ್ನಸ್ವಾಮಿ ಕ್ರೀಡಾಂಗಣ ನಮ್ಮ ಓಣಿಯ ಹಿಂದೆಯೇ ಇದೆ ಅನ್ನಬೇಕು. ಪಕ್ಕದ ಮನೆಯ ಹುಡುಗ ಕೆಂಪಂಗಿ ತೊಟ್ಟು ಕುಣಿಯುತ್ತಿದ್ದ. ಕರೆದು ಕೇಳಿದೆ: “ಕೋಚ್ ಯಾರೋ ತಮ್ಮಾ?”

“ಕೊಹ್ಲಿ ಅದಾನಲ್ರಿ ಸರ.”

“ಆಡೋವ್ರಲ್ಲೋ, ಆಡಿಸೋವ್ರು ಯಾರು?”

“ಅದ್ಯಾಕ ಬೇಕ್ರಿ ಈಗ!” ಎಂದು ಓಡಿಹೋದ.

ಯಾಕೆ ಬೇಕು ಎಂಬುದಕ್ಕೆ ನನ್ನದೇ ಕಾರಣವಿದೆ. ಮುಂದೆ ಬರೆಯುವುದರಲ್ಲಿ ಪಕ್ಷಪಾತ ಕಂಡರೆ ಓದುಗರಿಗೆ ಅದರ ಬೇರು ಗೊತ್ತಿರಲಿ ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದವನು. ಮೂರು ವರ್ಷ ಬೆಳಗಿನ ಚಳಿಯಲ್ಲಿ ಓಡಿಸಿ ತಯಾರು ಮಾಡಿದ ಖೋಖೋ ಹುಡುಗರು ಒಂದು ವರ್ಷ ಒಂದೇ ಅಂಕದಿಂದ ಸೋತರು. ಆಡಳಿತದವರು ತಂಡವನ್ನು ಬೇರೆ ಮಾಸ್ತರರಿಗೆ ಒಪ್ಪಿಸಿದರು. ಮರುವರ್ಷ ಅವೇ ಹುಡುಗರು ಗೆದ್ದರು. ಆಫೀಸಿನ ಗೋಡೆಯ ಫೋಟೋದಲ್ಲಿ ನಾನಿಲ್ಲ. ಆ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ.

ಹಾಗಾಗಿ ಈ ತಂಡದ ಕೋಚುಗಳ ಚರಿತ್ರೆಯನ್ನು ಪತ್ರಿಕೆಗಳಲ್ಲಿ ಓದಿದಾಗಲೆಲ್ಲ ನನಗೆ ಕಸಿವಿಸಿ. ಗೋಳಗುಮ್ಮಟದ ಎದುರು ಗೈಡುಗಳು ಆದಿಲಶಾಹಿ ಸುಲ್ತಾನರನ್ನು ಹೇಳಿದ ಹಾಗೆ ಹೇಳುತ್ತಾರೆ: ಇಂಥವನು ಬಂದ, ಇಷ್ಟು ವರ್ಷ ಆಳಿದ, ಸೋತ, ಹೋದ. 2008ರಿಂದ 2025ರವರೆಗೆ 18 ಸೀಸನ್ನಿಗೆ ಎಂಟು ಹೆಸರು. ಸೋತ ವರ್ಷದ ಸೋಲೆಲ್ಲ ಆ ಹೆಸರಿನ ತಲೆಗೆ.

ನಮ್ಮ ಕಡೆ ಕುಸ್ತಿ ಕಲಿಸುವವನಿಗೆ ವಸ್ತಾದ ಅನ್ನುತ್ತೇವೆ. ಹುಡುಗ ಎಷ್ಟು ಸಾಮು ಮಾಡಿದ, ಎಷ್ಟು ಹಾಲು ಕುಡಿದ, ರಾತ್ರಿ ಎಲ್ಲಿಗೆ ಹೋಗಿದ್ದ ಎಂಬುದೆಲ್ಲ ಅವನಿಗೆ ಗೊತ್ತು. ಪೈಲವಾನರು ಬರುತ್ತಾರೆ, ಹೋಗುತ್ತಾರೆ. ತಾಲೀಮಿನ ಮಣ್ಣಿನಲ್ಲಿ ವಸ್ತಾದ ಇರುತ್ತಾನೆ. ಐಪಿಎಲ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಪೈಲವಾನರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ, ವಸ್ತಾದನಿಗೆ ಎರಡು ತಿಂಗಳು ಕೊಡುತ್ತಾರೆ. ಅಷ್ಟರಲ್ಲಿ ಅವನು ಯಾರಿಗೆ ಏನು ಕಲಿಸಿಯಾನು?

ಗ್ಯಾರಿ ಕರ್ಸ್ಟನ್ನರನ್ನೇ ನೋಡಿ. 2011ರಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಕೋಚ್ ಆಗಿದ್ದವರು ಅವರೇ. 2019ರಲ್ಲಿ ಈ ತಂಡದ ಮುಖ್ಯ ಕೋಚ್ ಆದರು. ತಂಡ ಎಂಟನೆಯದಾಗಿ, ಅಂದರೆ ಕಟ್ಟಕಡೆಗೆ ನಿಂತಿತು. ಎಂಟು ವರ್ಷದಲ್ಲಿ ಮನುಷ್ಯ ಕಲಿತದ್ದೆಲ್ಲ ಮರೆತುಬಿಟ್ಟನೆ? ಆಂಡಿ ಫ್ಲವರ್ ಬಂದ 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದು; ಆಮೇಲೆ ಸಾಲಾಗಿ ಆರು ಗೆದ್ದರು. ಏಪ್ರಿಲಿನ ದಡ್ಡ ಮೇ ತಿಂಗಳಿಗೆ ಜಾಣನಾದ ಎಂದು ಬರೆದವರೂ ಇದ್ದರು.

ಮೊದಲನೆಯವರು ನಮ್ಮ ವೆಂಕಟೇಶ್ ಪ್ರಸಾದ್. ಎಂಟರಲ್ಲಿ ಕನ್ನಡದವರು ಅವರೊಬ್ಬರೇ. ಮೊದಲ ಪಂದ್ಯದಲ್ಲೇ ಮೆಕಲಮ್ 158 ಹೊಡೆದ, ನಮ್ಮವರು 82ಕ್ಕೆ ಆಲೌಟ್. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ, ಪ್ರಸಾದರಿಗೆ ಒಂದೇ ಸೀಸನ್. ನನಗೆ ಇದು ಈಗಲೂ ಚುಚ್ಚುತ್ತದೆ. ಆ ತಂಡದಲ್ಲಿ ಒಂದಿಷ್ಟು ಆಡಿದ್ದ ಜೆ. ಅರುಣ್ ಕುಮಾರ್ ಮುಂದೆ ಕರ್ನಾಟಕ ರಣಜಿ ತಂಡದ ಕೋಚ್ ಆಗಿ 2013–14 ಮತ್ತು 2014–15ರಲ್ಲಿ ಎರಡು ಸಲ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆಲ್ಲಿಸಿದರು. ಊರಿನ ವಸ್ತಾದನಿಗೆ ಊರಿನ ಹುಡುಗರನ್ನು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ದಕ್ಷಿಣ ಆಫ್ರಿಕದ ರೇ ಜೆನ್ನಿಂಗ್ಸ್ ಐದು ಸೀಸನ್ನಿನಲ್ಲಿ ಎರಡು ಸಲ, 2009 ಮತ್ತು 2011ರಲ್ಲಿ ಫೈನಲ್ಲಿಗೆ ಒಯ್ದರು. ಆ ಮಟ್ಟದ ಕೆಲಸಕ್ಕೆ ಸಿಗಬೇಕಾದ ಗೌರವ ಅವರಿಗೆ ಸಿಗಲಿಲ್ಲ. ಡೇನಿಯಲ್ ವೆಟ್ಟೋರಿಯೂ ಐದು ಸೀಸನ್ ಇದ್ದರು. 2016ರಲ್ಲಿ ಕೊಹ್ಲಿ 973 ರನ್ ಬಾರಿಸಿದರು, ಚಿನ್ನಸ್ವಾಮಿಯಲ್ಲೇ ಫೈನಲ್. 209ರ ಗುರಿಗೆ ಮೊದಲ ವಿಕೆಟ್ ಬಿದ್ದಾಗ 114 ಆಗಿತ್ತು. 8 ರನ್ನಿನಿಂದ ಸೋತೆವು. ಅಂದು ವಾಟ್ಸನ್ ನಾಲ್ಕು ಓವರಿಗೆ 61 ಕೊಟ್ಟದ್ದು ವೆಟ್ಟೋರಿಯ ಪಾಠದ ದೋಷವೆ? ವೆಟ್ಟೋರಿ ಇದ್ದಾಗಲೇ ಆದ ನಿಜವಾದ ತಪ್ಪು ಬೇರೆ. 2018ರ ಹರಾಜಿಗೆ ಮುನ್ನ ಕೆ.ಎಲ್. ರಾಹುಲ್‌ರನ್ನು ಬಿಟ್ಟುಕೊಟ್ಟರು. ಮನೆಯ ಎತ್ತು ಮಾರಿ ಸಂತೆಯಲ್ಲಿ ಎತ್ತು ಹುಡುಕುವ ರೈತನನ್ನು ನಮ್ಮ ಕಡೆ ಯಾರೂ ಜಾಣ ಅನ್ನುವುದಿಲ್ಲ. ಬೆಲೆ ತೆತ್ತ ಮೇಲೆ ಮನೆಗೆ ಹೋದದ್ದು ಮಾತ್ರ ಕೋಚ್.

ಕ್ಯಾಟಿಚ್ 2021ರ ನಡುವೆಯೇ ಬಿಟ್ಟರು, ಉಳಿದರ್ಧ ಹೆಸನ್ ನೋಡಿಕೊಂಡರು. ಅಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಆದರೆ ಸಂಜಯ್ ಬಾಂಗರ್ ವಿಷಯದಲ್ಲಿ ನಿಲ್ಲಬೇಕು. 2022ರ ಹರಾಜಿನಲ್ಲಿ ರಜತ್ ಪಾಟೀದಾರರನ್ನು ಯಾರೂ ಕೊಳ್ಳಲಿಲ್ಲ. ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡಾಗ, ಬದಲಿಗೆ 20 ಲಕ್ಷಕ್ಕೆ ಅವರನ್ನು ಕರೆಸಿದರು. ಆಗ ಕೋಚ್ ಬಾಂಗರ್. ಮೇ 25ರಂದು ಕೋಲ್ಕತಾದಲ್ಲಿ ಪಾಟೀದಾರ್ 54 ಚೆಂಡಿನಲ್ಲಿ ಔಟಾಗದೆ 112 ಹೊಡೆದು ಲಕ್ನೋ ತಂಡವನ್ನು ಮನೆಗೆ ಕಳಿಸಿದರು. ಆ ಲಕ್ನೋ ತಂಡದ ಕೋಚ್ ಯಾರು ಗೊತ್ತೆ? ಆಂಡಿ ಫ್ಲವರ್! ಮರುವರ್ಷ ತಂಡ ಆರನೆಯದಾಯಿತು. ಬಾಂಗರ್ ಹೋದರು, ಫ್ಲವರ್ ಬಂದರು. 2025ರಲ್ಲಿ ಕಪ್ಪು ಎತ್ತಿದ ನಾಯಕ ಅದೇ ಪಾಟೀದಾರ್.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಖೋಖೋ ಸಿಟ್ಟಿಗೆ ಚೆನ್ನಾಗಿ ಒಪ್ಪುತ್ತಿತ್ತು. ಆದರೆ ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. 2024ರ ನವೆಂಬರಿನಲ್ಲಿ ಜೆಡ್ಡಾದ ಹರಾಜಿನಲ್ಲಿ ಫ್ಲವರ್, ಮೋ ಬೊಬಾಟ್, ದಿನೇಶ್ ಕಾರ್ತಿಕ್ ಕೂತು ದೊಡ್ಡ ಹೆಸರುಗಳ ಬೆನ್ನು ಹತ್ತಲಿಲ್ಲ. ಹೇಜಲ್‌ವುಡ್ 12.50 ಕೋಟಿ, ಭುವನೇಶ್ವರ್ 10.75, ಕೃಣಾಲ್ ಪಾಂಡ್ಯ 5.75: ಬೌಲಿಂಗಿಗೆ ಹಣ ಹಾಕಿದರು. ಆ ವರ್ಷ ಲೀಗಿನಲ್ಲಿ ಹೊರಗೆ ಆಡಿದ ಏಳೂ ಪಂದ್ಯ ಗೆದ್ದರು. ಫೈನಲ್ಲಿನಲ್ಲಿ ಕೃಣಾಲ್ 17 ರನ್ನಿಗೆ ಎರಡು ವಿಕೆಟ್ ಕಿತ್ತರು. ಫ್ಲವರ್ ಇನ್ನೊಬ್ಬರ ಬೆಳೆಯನ್ನು ಕೊಯ್ದದ್ದಷ್ಟೇ ಅಲ್ಲ, ತಾನೂ ಬಿತ್ತಿದ್ದರು. ಕೋಚಿನ ಕೈವಾಡ ಇದ್ದದ್ದು ಹೆಚ್ಚಾಗಿ ಆ ಹರಾಜಿನ ಮೇಜಿನ ಮೇಲೆ, ಯಾರೂ ಪಟಾಕಿ ಹಚ್ಚದ ದಿನ. ಹಾಗಾದರೆ ನನ್ನ ಹುಡುಗರನ್ನು ಗೆಲ್ಲಿಸಿದ ಆ ಮಾಸ್ತರರೂ ಏನೋ ಮಾಡಿರಬೇಕು. ಏನು ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಈ ಕಥೆಯನ್ನೆಲ್ಲ ಹುಡುಗನಿಗೆ ಮರುದಿನವೇ ಹೇಳಬೇಕೆಂದಿದ್ದೆ. ಆದರೆ ಜೂನ್ 4ರ ಸಂಜೆ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಓಣಿಯಲ್ಲಿ ಯಾರೂ ಕ್ರಿಕೆಟ್ ಮಾತೆತ್ತಲಿಲ್ಲ. ತಿಂಗಳಾದ ಮೇಲೆ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದೆ. ಪೂರ್ತಿ ಕೇಳಿ ಅಂದ:

“ಹಂಗಾರ ಬಾಂಗರ ಅವ್ರು ಫೋಟೋದಾಗ ಇಲ್ಲೇನ್ರಿ ಸರ?”

“ಇಲ್ಲೋ” ಅಂದೆ.

“ಆ ಗಾಯ ಆದ ಹುಡುಗ?”

ಅವನ ನೆನಪು ನನಗೂ ಬಂದಿರಲಿಲ್ಲ.