ಯೆಹೂದ್ಯರ ನೀತಿಗ್ರಂಥಗಳೂ ವಿದುರನೀತಿಯೂ

ಯೆಹೂದ್ಯರ ಪುರಾತನ ನೀತಿಗ್ರಂಥಗಳನ್ನು ಓದಿದ ಕನ್ನಡ ವಾಚಕನ ಬಾಯಿಂದ ಮೊದಲು ಹೊರಡುವ ಮಾತು, 'ಇದೆಲ್ಲವೂ ನಮ್ಮಲ್ಲಿಯೇ ಉಂಟಲ್ಲ!' ಎಂಬುದು. ಮಾತು ಸುಳ್ಳಲ್ಲ. ಕೋಪವನ್ನು ಅಡಗಿಸಬೇಕು, ದುರ್ಜನರ ಸಂಗ ಬಿಡಬೇಕು, ನಾಲಗೆಯನ್ನು ಹಿಡಿತದಲ್ಲಿಡಬೇಕು ಎಂಬ ಉಪದೇಶಗಳಿಗೆ ಭರ್ತೃಹರಿಯಲ್ಲಿಯೂ ಸರ್ವಜ್ಞನಲ್ಲಿಯೂ ಕೊರತೆಯಿಲ್ಲ. ಗೌರಿಬಿದನೂರು ಚಿಂತಾಮಣಿ ಸೀಮೆಗಳಲ್ಲಂತೂ ಕನ್ನಡದೊಡನೆ ತೆಲುಗೂ ಮನೆಮಾತಾಗಿರುವುದರಿಂದ ವೇಮನನ ಪದ್ಯಗಳೂ, ಬಳೆ ಮಾರುತ್ತಿದ್ದರೆಂದು ಪ್ರತೀತಿಯುಳ್ಳ ಕೈವಾರದ ನಾರೇಯಣ ತಾತಯ್ಯನವರ ಪದಗಳೂ ಹಿರಿಯರ ಬಾಯಲ್ಲಿ ನಿಂತಿವೆ. ಆದರೆ 'ಎಲ್ಲವೂ ಒಂದೇ' ಎಂದು ತೀರ್ಪು ಕೊಟ್ಟವನಿಗೆ ಓದುವ ಶ್ರಮವೇ ಉಳಿಯುವುದಿಲ್ಲ. ಸುಭಾಷಿತಸಂಗ್ರಹಗಳಿಂದ ಬೆಳೆದು ಬಂದ ಅಭ್ಯಾಸವಿದು. ಶ್ಲೋಕವನ್ನು ಹುಟ್ಟಿದ ಮನೆಯಿಂದ ಹೊರತಂದು, ಹೇಳಿದವನಾರು ಕೇಳಿದವನಾರು ಎಂಬುದನ್ನು ತೊಳೆದು, ಬೆಳ್ಳಿಯ ನಾಣ್ಯದಂತೆ ಕೈಯಿಂದ ಕೈಗೆ ಸಾಗಿಸುವುದು ಅದರ ಕ್ರಮ. ಹಾಗೆ ಸಾಗಿಸಿದಮೇಲೆ ನಾಣ್ಯಗಳೆಲ್ಲ ಒಂದೇ ಆಗಿ ಕಾಣುವುದು ಸಹಜವೇ ಸರಿ.

ಗೌರಿಬಿದನೂರು ತಾಲ್ಲೂಕಿನಲ್ಲಿಯೇ ಇದಕ್ಕೆ ಉದಾಹರಣೆಯಾಗಬಲ್ಲ ಸ್ಥಳವೊಂದುಂಟು. ವಿದುರನು ನೆಟ್ಟ ಅಶ್ವತ್ಥವೆಂದು ಐತಿಹ್ಯವಿರುವ ವಿದುರಾಶ್ವತ್ಥಕ್ಕೆ ನಾಗಪ್ರತಿಷ್ಠೆಗಾಗಿ ಬರುವ ಜನ ಬಹಳ. 1938ರ ಏಪ್ರಿಲ್ 25ರ ಗೋಲೀಬಾರಿನಿಂದ ಆ ಊರಿನ ಹೆಸರನ್ನು ಅರಿತವರೂ ಬಹಳ. ವಿದುರನೀತಿಯನ್ನು ಆದ್ಯಂತವಾಗಿ ಓದಿದವರು ಮಾತ್ರ ವಿರಳ. ಉದ್ಯೋಗಪರ್ವದ ಆ ಎಂಟು ಅಧ್ಯಾಯಗಳಲ್ಲಿ ಗೃಹಸ್ಥನಿಗೆ ಬೇಕಾದ ನೀತಿಯೆಲ್ಲ ಇದೆಯೆಂಬುದು ನಿಜ. ಆದರೆ ಅದನ್ನು ಹೇಳಿದುದು ಗೃಹಸ್ಥನಿಗಲ್ಲ. ಪಾಂಡವರ ಬಳಿಯಿಂದ ಸಂಜಯನು ಹಿಂದಿರುಗಿ, ಸಂದೇಶವನ್ನು ಮರುದಿನ ಸಭೆಯಲ್ಲಿ ಹೇಳುವೆನೆಂದು ಹೋದ ರಾತ್ರಿ, ನಿದ್ರೆ ಬಾರದ ಅಂಧ ರಾಜನಿಗೆ ದಾಸೀಪುತ್ರನಾದ ತಮ್ಮನು ಹೇಳಿದ ಮಾತುಗಳವು. ಕೇಳಿದವನು ತಲೆದೂಗಿದನು, ಒಂದನ್ನೂ ನಡೆಸಲಿಲ್ಲ. ಈ ಕಥೆಯನ್ನು ಬಿಟ್ಟು ಶ್ಲೋಕಗಳನ್ನು ಮಾತ್ರ ಉಳಿಸಿಕೊಂಡರೆ ಉಪದೇಶ ಸಿಕ್ಕೀತು, ವಿದುರನ ಸಂಕಟ ಸಿಕ್ಕದು.

ಯೆಹೂದ್ಯ ಗ್ರಂಥಗಳಿಗೂ ಇದೇ ಪ್ರಶ್ನೆಯನ್ನು ಹಾಕಬೇಕು. ಕನ್ನಡದ ಸತ್ಯವೇದದಲ್ಲಿ 'ಜ್ಞಾನೋಕ್ತಿಗಳು' ಎಂಬ ಹೆಸರಿನಿಂದಿರುವ, ಸೊಲೊಮೋನನಿಗೆ ಆರೋಪಿತವಾದ 31 ಅಧ್ಯಾಯಗಳ ಗ್ರಂಥದಲ್ಲಿ ಹೇಳುವವನು ಬಹುಮಟ್ಟಿಗೆ ತಂದೆ, ಕೇಳುವವನು ಮಗ. ಕೊನೆಯ ಅಧ್ಯಾಯದಲ್ಲಿ ಮಾತ್ರ ಲೆಮೂವೇಲನೆಂಬ ಅರಸನಿಗೆ ತಾಯಿ ಬುದ್ಧಿ ಹೇಳುತ್ತಾಳೆ; ಮಗನು ಅರಸನಾದರೂ ಕುಡಿತದ ವಿಚಾರದಲ್ಲಿ ಅವಳ ಗದರಿಕೆ ಕಡಿಮೆಯಾಗಿಲ್ಲ! ಕ್ರಿಸ್ತಪೂರ್ವ 180ರ ಸುಮಾರಿನಲ್ಲಿ ಯೆರೂಸಲೇಮಿನಲ್ಲಿ ಬರೆದ ಬೆನ್ ಸೀರನು ಗುರು. ಅವನ ಎದುರಿಗಿರುವವರು ವಿದ್ಯಾರ್ಥಿಗಳು. ಕ್ರಿಸ್ತಶಕ 200ರ ಹೊತ್ತಿಗೆ ಸಂಕಲಿತವಾದ ಮಿಶ್ನಾ ಎಂಬ ಧರ್ಮಸಂಹಿತೆಯಲ್ಲಿ ಸೇರಿರುವ 'ಪಿರ್ಕೇ ಅವೋತ್', ಎಂದರೆ 'ಪಿತೃಗಳ ಅಧ್ಯಾಯಗಳು', ಗುರುಪರಂಪರೆಯಿಂದಲೇ ಆರಂಭವಾಗುತ್ತದೆ. ಮೋಶೆಯಿಂದ ಯೆಹೋಶುವನಿಗೆ, ಅವನಿಂದ ಹಿರಿಯರಿಗೆ, ಹಿರಿಯರಿಂದ ಪ್ರವಾದಿಗಳಿಗೆ ಎಂದು ಇಳಿದು ಬರುವ ಆ ಸಾಲನ್ನು ನೋಡಿದರೆ ಬೃಹದಾರಣ್ಯಕದ ವಂಶಬ್ರಾಹ್ಮಣವನ್ನು ಪಠಿಸಿದವರಿಗೆ ಪರಿಚಿತ ಬೀದಿಗೆ ಬಂದಂತಾಗುತ್ತದೆ. ಸಂಖ್ಯೆಗಳಿಂದ ನೀತಿಯನ್ನು ಕಟ್ಟುವ ಕ್ರಮವೂ ಎರಡು ಕಡೆಗಳಲ್ಲಿದೆ. ವಿದುರನು ಒಂದರಿಂದ ಹತ್ತಕ್ಕೆ ಏರುತ್ತಾನೆ. ಅವೋತಿನ ಐದನೆಯ ಅಧ್ಯಾಯ ಹತ್ತರಿಂದ ಏಳಕ್ಕೆ, ನಾಲ್ಕಕ್ಕೆ ಇಳಿಯುತ್ತದೆ. ನೆನಪಿಗೆ ಒದಗಬೇಕಾದ ವಿದ್ಯೆಗೆ ಎಲ್ಲೆಲ್ಲಿಯೂ ಇದೇ ಉಪಾಯವೆಂದು ತೋರುತ್ತದೆ.

ರೂಪದ ವಿಷಯದಲ್ಲಿ ಒಂದು ಮಾತು. ಹೀಬ್ರೂ ಪದ್ಯದ ಜೀವ ಪ್ರಾಸದಲ್ಲಾಗಲಿ ಗಣದಲ್ಲಾಗಲಿ ಇಲ್ಲ. ಒಂದು ಪಾದದ ಅರ್ಥವನ್ನು ಮುಂದಿನ ಪಾದ ಪುನರುಕ್ತಿಯಿಂದಲೋ ವಿರೋಧದಿಂದಲೋ ತೂಗಿ ನಿಲ್ಲಿಸುವುದರಲ್ಲಿದೆ. ಇದನ್ನು ಆಂಗ್ಲ ವಿದ್ವಾಂಸ ರಾಬರ್ಟ್ ಲೌತ್ 1753ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ವಿಶದಪಡಿಸಿದನು. ಅರ್ಥಗಳ ಈ ತೂಕ ಭಾಷಾಂತರದಲ್ಲಿ ನಷ್ಟವಾಗುವುದಿಲ್ಲ. ಸರ್ವಜ್ಞನ ತ್ರಿಪದಿಯನ್ನು ಗದ್ಯಕ್ಕೆ ಇಳಿಸಿದರೆ ಉಳಿಯುವುದು ಹೊಟ್ಟು; ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು 19ನೆಯ ಶತಮಾನದ ಪೂರ್ವಾರ್ಧದಲ್ಲಿ ತೊಡಗಿದ ಕನ್ನಡ ಸತ್ಯವೇದದ ಗದ್ಯದಲ್ಲಿಯಾದರೋ ಜ್ಞಾನೋಕ್ತಿಗಳು ಇನ್ನೂ ಪದ್ಯದಂತೆಯೇ ಉಸಿರಾಡುತ್ತವೆ. ಆದರೂ ಬೆನ್ ಸೀರನ ಮೊಮ್ಮಗನು ಅಜ್ಜನ ಗ್ರಂಥವನ್ನು ಈಜಿಪ್ಟಿನಲ್ಲಿ ಗ್ರೀಕಿಗೆ ತಿರುಗಿಸಿ, ಹೀಬ್ರೂವಿನಲ್ಲಿ ಹೇಳಿದುದಕ್ಕೆ ಬೇರೆ ಭಾಷೆಯಲ್ಲಿ ಅದೇ ಬಲ ಬರುವುದಿಲ್ಲವೆಂದು ಪೀಠಿಕೆಯಲ್ಲಿ ವಾಚಕರ ಕ್ಷಮೆಯನ್ನು ಯಾಚಿಸಿದ್ದಾನೆ. ಭಾಷಾಂತರಕಾರರ ಸಂಕೋಚಕ್ಕೆ ಇಷ್ಟು ಹಳೆಯ ಸಾಕ್ಷಿಗಳು ಹೆಚ್ಚಾಗಿ ದೊರೆಯವು.

ಇನ್ನು ಈ ಗ್ರಂಥಗಳ ಸ್ವಂತಿಕೆ ಎಲ್ಲಿದೆ? ಜ್ಞಾನೋಕ್ತಿಗಳ 22ನೆಯ ಅಧ್ಯಾಯದಿಂದ ಮುಂದಿನ ಒಂದು ಭಾಗವು ಈಜಿಪ್ಟಿನ ಅಮೆನೆಮೋಪೆಯ ಉಪದೇಶವನ್ನು ನಿಕಟವಾಗಿ ಹೋಲುವುದೆಂದು 1924ರಲ್ಲಿಯೇ ವಿದ್ವಾಂಸರು ತೋರಿಸಿದ್ದಾರೆ. ಆದುದರಿಂದ ಸ್ವಂತಿಕೆಯನ್ನು ಬಿಡಿವಾಕ್ಯಗಳಲ್ಲಿ ಹುಡುಕಿ ಫಲವಿಲ್ಲ. ಅದು ಕಾಣುವುದು ಅವೋತಿನಲ್ಲಿ, ಅದರಲ್ಲಿಯೂ ನಾಲ್ಕು ಬಗೆಯ ಮನುಷ್ಯರನ್ನು ವಿಂಗಡಿಸುವ ಸ್ಥಳದಲ್ಲಿ.

ಭರ್ತೃಹರಿಯ ನಾಲ್ಕು ವರ್ಗಗಳನ್ನು ಪಾಠಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು. ಸ್ವಾರ್ಥವನ್ನು ಬಿಟ್ಟು ಪರಾರ್ಥವನ್ನು ಸಾಧಿಸುವವರು ಸತ್ಪುರುಷರು. ಸ್ವಾರ್ಥಕ್ಕೆ ವಿರೋಧ ಬಾರದಂತೆ ಪರಾರ್ಥಕ್ಕೆ ಉದ್ಯಮಿಸುವವರು ಸಾಮಾನ್ಯರು. ಸ್ವಾರ್ಥಕ್ಕಾಗಿ ಪರಹಿತವನ್ನು ಕೆಡಿಸುವವರು ಮನುಷ್ಯರಾಕ್ಷಸರು. ನಿಷ್ಕಾರಣವಾಗಿ ಕೆಡಿಸುವವರಿಗೆ ಏನೆಂದು ಹೆಸರಿಡಬೇಕೋ ಕವಿಗೇ ತಿಳಿಯದು. ಅವೋತಿನ ವಿಂಗಡಣೆ ಬೇರೆ. ಅದು 'ನನ್ನದು', 'ನಿನ್ನದು' ಎಂಬೆರಡು ಮಾತುಗಳ ಮೇಲೆ ನಿಂತಿದೆ. ತನ್ನದನ್ನೂ ಪರರದೆನ್ನುವವನು, ಪರರದನ್ನು ಪರರದೇ ಎಂದು ಬಿಡುವವನು ಭಕ್ತ. ಎರಡನ್ನೂ ತನ್ನದೆನ್ನುವವನು ದುಷ್ಟ. ತನ್ನದು ನಿನಗೆ ನಿನ್ನದು ತನಗೆ ಎಂದು ಗೊಂದಲಮಾಡುವವನು ಪಾಮರ. ಉಳಿದವನು ತನ್ನದು ತನಗೆ, ನಿನ್ನದು ನಿನಗೆ ಎನ್ನುವವನು. ಇವನನ್ನು ಮಧ್ಯಮನೆಂದು ಗ್ರಂಥ ಹೇಳುತ್ತದೆ. ಹೇಳಿದ ಕೂಡಲೆ, ಇದು ಸೊದೋಮಿನವರ ಗುಣವೆಂದು ಕೆಲವರ ಅಭಿಪ್ರಾಯ ಎಂದೂ ಸೇರಿಸುತ್ತದೆ. ತೀರ್ಪನ್ನು ಕೊಡುವುದೇ ಇಲ್ಲ.

ಸೊದೋಮು ದೈವಕೋಪದಿಂದ ಬೆಂದುಹೋಯಿತೆಂದು ಪ್ರಸಿದ್ಧವಾದ ಪಟ್ಟಣ. ಅನ್ನದ ಸಮೃದ್ಧಿಯಿದ್ದೂ ಬಡವರ ಕೈಹಿಡಿಯಲಿಲ್ಲವೆಂಬುದು ಅದರ ಅಪರಾಧವೆಂದು ಪ್ರವಾದಿ ಯೆಹೆಜ್ಕೇಲನ ಗ್ರಂಥ ಹೇಳುತ್ತದೆ. ಯಾರ ಸ್ವತ್ತನ್ನೂ ಮುಟ್ಟದ, ಯಾರಿಗೂ ಋಣಿಯಾಗದ ಮರ್ಯಾದಸ್ಥ ಗೃಹಸ್ಥನನ್ನು ಆ ಪಟ್ಟಣದವನೆಂದು ಕರೆಯಬಹುದೇ? ಭರ್ತೃಹರಿಗೆ ಈ ಪ್ರಶ್ನೆ ಏಳಲಿಲ್ಲ. ಅವನ ಸಾಮಾನ್ಯನು ಕೂಡ ಪರೋಪಕಾರಿಯೇ. ಉಪಕಾರವನ್ನೂ ಮಾಡದೆ ಅಪಕಾರವನ್ನೂ ಮಾಡದೆ ಬಾಗಿಲು ಹಾಕಿಕೊಂಡು ಕುಳಿತವನಿಗೆ ಆ ಶ್ಲೋಕದಲ್ಲಿ ಸ್ಥಳವೇ ಇಲ್ಲ. ಲೋಕದಲ್ಲಿ ಬಹುಸಂಖ್ಯಾತರು ಅಂಥವರೇ ಆಗಿರುವಾಗ ಈ ಲೋಪವು ಅಲ್ಪವಲ್ಲ. ಶ್ಲೋಕದ ಸೌಂದರ್ಯ ಅದರ ಕೊನೆಯ ಪಾದದ ಚಮತ್ಕಾರದಲ್ಲಿದೆ. ಅವೋತಿನ ಬೆಲೆ ಅದು ಬಗೆಹರಿಸದೆ ಬಿಟ್ಟ ಜಗಳದಲ್ಲಿದೆ.

ಈ ಜಗಳ ಪುಸ್ತಕದೊಳಗೇ ನಿಲ್ಲಲಿಲ್ಲ. ಒಬ್ಬನಿಗೆ ಲಾಭವಾಗಿ ಇನ್ನೊಬ್ಬನಿಗೆ ಏನೂ ನಷ್ಟವಾಗದಿದ್ದಲ್ಲಿ ಅಡ್ಡಬರುವವನದು ಸೊದೋಮಿನ ಗುಣವಾದ್ದರಿಂದ ನ್ಯಾಯಸ್ಥಾನವು ಅವನನ್ನು ಬಲವಂತಪಡಿಸಬಹುದೆಂಬ ನಿಯಮ ತಾಲ್ಮೂದಿನಲ್ಲಿ ಬೆಳೆಯಿತು. ಜೀವನದಿಯಿಲ್ಲದ ಚಿಕ್ಕಬಳ್ಳಾಪುರದ ಸೀಮೆಗೆ ಇದು ದೂರದ ಮಾತಲ್ಲ. ಕೆರೆಯ ನೀರನ್ನು ನೀರುಗಂಟಿಯು ತೂಬಿನಿಂದ ಸರದಿಯಂತೆ ಗದ್ದೆಗೆ ಬಿಡುತ್ತಿದ್ದ ಕಾಲದಲ್ಲಿ 'ನನ್ನದು, ನಿನ್ನದು' ಎಂಬ ಭೇದಕ್ಕೆ ಊರಿನ ಕಟ್ಟಲೆಯೊಂದು ಮೇರೆಯಾಗಿತ್ತು. ಸಾವಿರ ಅಡಿಗೂ ಮೀರಿ ಕೊಳವೆಬಾವಿ ತೋಡಿಸುವ ಗೃಹಸ್ಥನು ತನ್ನ ಹೊಲದಲ್ಲಿ ತನ್ನ ಹಣದಿಂದ ತೋಡಿಸುತ್ತಾನೆ; ಪರರ ಹೊಲಕ್ಕೆ ಕಾಲಿಡುವುದಿಲ್ಲ. ಪಕ್ಕದವನ ಬಾವಿ ಬತ್ತಿದರೆ ಅದು ಭೂಮಿಯೊಳಗಿನ ವಿಷಯ. ಇವನು ಮಧ್ಯಮನೋ ಸೊದೋಮಿನವನೋ ಎಂಬುದನ್ನು ಅವೋತಿನ ಪಿತೃಗಳಂತೆಯೇ ಚಿಂತಾಮಣಿಯ ರೈತನೂ ತೀರ್ಮಾನಿಸಲು ಕಷ್ಟಪಡಬೇಕಾದೀತು.

ಅವೋತ್ ಮಿಶ್ನಾದಲ್ಲಿ ಇರುವ ಸ್ಥಳವೂ ವಿಚಾರಯೋಗ್ಯವಾದುದು. ಪೂಜೆ ಪ್ರಾರ್ಥನೆಗಳ ಭಾಗದಲ್ಲಿ ಅದನ್ನು ಇಡಲಿಲ್ಲ. ನಷ್ಟಪರಿಹಾರದ ವ್ಯವಹಾರಗಳನ್ನು ಹೇಳುವ 'ನೆಝಿಕೀನ್' ಎಂಬ ಭಾಗದಲ್ಲಿಟ್ಟರು. ಎತ್ತು ಹಾಯ್ದರೆ ಏನು, ಒತ್ತೆಯಿಟ್ಟ ಒಡವೆ ಕಳೆದರೆ ಏನು ಎಂಬ ಲೆಕ್ಕಗಳ ನಡುವೆ ಈ ನೀತಿಯ ಅಧ್ಯಾಯಗಳಿವೆ. ಅದೇ ಭಾಗದಲ್ಲಿ 'ಓನಾಆ' ಎಂಬ ಪದವೊಂದುಂಟು. ಬೆಲೆಯ ಆರನೆಯ ಒಂದು ಪಾಲಿನಷ್ಟು ಹೆಚ್ಚಾಗಿ ಕಿತ್ತುಕೊಂಡರೆ ಅದು ಓನಾಆ; ಮಾತಿನಿಂದ ನೋಯಿಸಿದರೆ ಅದೂ ಓನಾಆ. ಕೊಳ್ಳುವ ಮನಸ್ಸಿಲ್ಲದೆ ಅಂಗಡಿಯವನನ್ನು ಬೆಲೆ ಕೇಳುವುದು, ತಪ್ಪನ್ನು ಬಿಟ್ಟು ನೆಟ್ಟಗಾದವನಿಗೆ ಹಳೆಯ ನಡತೆಯನ್ನು ನೆನಪಿಸುವುದು, ಇವು ಮಿಶ್ನಾ ಕೊಡುವ ನಿದರ್ಶನಗಳು. ಕೊಟ್ಟ ಹಣವನ್ನು ಹಿಂದಿರುಗಿಸಬಹುದು, ಮಾತಿಗೆ ಹಿಂದಿರುಗುವಿಕೆಯಿಲ್ಲವೆಂಬ ಕಾರಣದಿಂದ ಎರಡನೆಯದನ್ನೇ ತಾಲ್ಮೂದು ಘೋರತರವೆಂದಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇಂದು ತೂಕಕ್ಕೆ ಯಂತ್ರ ಬಂದಿದೆ, ಹರಾಜಿಗೂ ಯಂತ್ರ ಬಂದಿದೆ. ಗೂಡಿನ ಬುಟ್ಟಿಯ ಮುಂದೆ ನಿಂತು ಬೆಳೆದವನ ಎದುರಿಗೇ ಆಡುವ ಹೀನಾಯದ ಮಾತಿಗೆ ತಕ್ಕಡಿ ಇನ್ನೂ ಬಂದಂತಿಲ್ಲ.

ಇಲ್ಲಿ ಸಂಸ್ಕೃತಾಭಿಮಾನಿಗಳು ಆಕ್ಷೇಪವೆತ್ತಬಹುದು, ಎತ್ತಬೇಕಾದುದೇ. ಅರ್ಥಶಾಸ್ತ್ರವು ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10 ಎಂದು ಲಾಭವನ್ನು ಕಟ್ಟುಮಾಡಿಲ್ಲವೇ? ಮನುವಿನ 18 ವ್ಯವಹಾರಪದಗಳಲ್ಲಿ ವಾಕ್ಪಾರುಷ್ಯವೂ ಒಂದಲ್ಲವೇ? ಅಹುದು. ಆದರೆ ವಾಕ್ಪಾರುಷ್ಯದ ದಂಡವು ಬೈದವನ ಮತ್ತು ಬೈಸಿಕೊಂಡವನ ವರ್ಣಗಳನ್ನು ನೋಡಿ ಏರಿಳಿಯುತ್ತದೆ. ಅದನ್ನು ವಿಧಿಸತಕ್ಕವನು ರಾಜ. ಮಾತಿನ ಓನಾಆಕ್ಕೆ ದಂಡವಿಲ್ಲ. ಹೃದಯಕ್ಕೆ ಮಾತ್ರ ತಿಳಿಯುವ ಅಪರಾಧವಾದ್ದರಿಂದ ಅಲ್ಲಿ ದೈವಭಯವೊಂದನ್ನೇ ನೆನಪಿಸಿದ್ದಾರೆ. ಆದರೆ ದೈವವು ಕೂಡ ಅದನ್ನು ಕ್ಷಮಿಸಿಬಿಡುವ ಹಾಗಿಲ್ಲ. ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ದಿನವು ದೇವರಿಗೆ ಮಾಡಿದ ತಪ್ಪನ್ನು ತೊಳೆಯಬಲ್ಲುದೇ ಹೊರತು, ನೊಂದ ನೆರೆಯವನನ್ನು ಸಮಾಧಾನಪಡಿಸುವವರೆಗೆ ಅವನಿಗೆ ಮಾಡಿದುದನ್ನು ತೊಳೆಯಲಾರದೆಂದು ಮಿಶ್ನಾದ ವಿಧಿ. ಉಪವಾಸ ತೀರ್ಥಸ್ನಾನಗಳಿಂದ ನೆರೆಮನೆಯ ಕಟ್ಟೆಯನ್ನು ದಾಟಿ ಹೋಗಬಹುದೆಂದು ನಂಬಿದ ಯಾವ ಸಮಾಜವೂ ಈ ವಿಧಿಯನ್ನು 'ನಮ್ಮಲ್ಲಿಯೇ ಉಂಟು' ಎಂದು ಸುಲಭವಾಗಿ ಹೇಳಿಕೊಳ್ಳಲಾರದು.

ಹಾಗೆಂದು ಈ ಗ್ರಂಥಗಳು ನಿರ್ದೋಷವಾದುವೆಂದಲ್ಲ. ಮಕ್ಕಳ ಶಿಕ್ಷಣದಲ್ಲಿ ಬೆತ್ತದ ಮೇಲೆ ಜ್ಞಾನೋಕ್ತಿಗಳಿಗಿರುವ ವಿಶ್ವಾಸ ಅತಿಯಾದುದು. ಸ್ತ್ರೀಯರ ವಿಷಯದಲ್ಲಿ ಬೆನ್ ಸೀರನ ಕಟುತ್ವವು ಲೆಮೂವೇಲನ ತಾಯಿಯನ್ನೂ, ಅದೇ ಅಧ್ಯಾಯದಲ್ಲಿ ನೂಲು ತೆಗೆದು ಹೊಲ ಕೊಂಡು ಮನೆ ನಡೆಸುವ ಗೃಹಿಣಿಯನ್ನೂ ಮರೆತಂತಿದೆ. ಧರ್ಮಿಷ್ಠನಿಗೆ ಸಂಪತ್ತು, ಅಧರ್ಮಿಗೆ ನಾಶ ಎಂಬ ಭರವಸೆಯನ್ನು ಜ್ಞಾನೋಕ್ತಿಗಳು ಉದಾರವಾಗಿ ಹಂಚುತ್ತವೆ. ಅದಕ್ಕೆ ಉತ್ತರವನ್ನು ಅದೇ ಸತ್ಯವೇದದ ಯೋಬನೂ ಪ್ರಸಂಗಿಯೂ ಕೊಟ್ಟಿದ್ದಾರೆಂಬುದೇ ಸಮಾಧಾನ.

ಕನ್ನಡ ನಾಡಿನ ನೆಲದಲ್ಲಿಯೇ ಈ ನೀತಿಯನ್ನು ಒರೆಗೆ ಹಚ್ಚಿದ ಪ್ರಸಂಗವೊಂದು ಉಳಿದುಬಂದಿದೆ. ಕೈರೋವಿನ ಹಳೆಯ ಸಭಾಮಂದಿರವೊಂದರ ಗೂಡಿನಲ್ಲಿ ಶತಮಾನಗಳ ಕಾಲ ಬಿದ್ದಿದ್ದ ಕಾಗದಗಳ ರಾಶಿಯಿಂದ ಬೆನ್ ಸೀರನ ಹೀಬ್ರೂ ಮೂಲದ ಹಾಳೆಯೊಂದನ್ನು 1896ರಲ್ಲಿ ಸೊಲೊಮನ್ ಶೆಖ್ಟರ್ ಗುರುತಿಸಿದನು. ಅದೇ ರಾಶಿಯಲ್ಲಿ, 1132ರ ಸುಮಾರಿನಿಂದ 1149ರ ವರೆಗೆ ಮಂಗಳೂರಿನಲ್ಲಿ ವ್ಯಾಪಾರಮಾಡಿದ ಅಬ್ರಹಾಂ ಬೆನ್ ಯೀಜೂ ಎಂಬ ಯೆಹೂದ್ಯ ವರ್ತಕನ ಪತ್ರಗಳೂ ದೊರೆತವು. ಬೆನ್ ಯೀಜೂ ಸ್ವತಃ ಧರ್ಮಶಾಸ್ತ್ರವನ್ನು ಬಲ್ಲವನು, ಪದ್ಯವನ್ನೂ ಬರೆಯುತ್ತಿದ್ದವನು. ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯನೊಬ್ಬನು ಸರಕನ್ನು ಒಪ್ಪಿಸದೆ ಹೋದಾಗ, ಏಡನ್ನಿನಲ್ಲಿದ್ದ ಪಾಲುಗಾರನು ಅವನಿಗೆ ಬರೆದ ಸಲಹೆ ಇದು: ಸಾಲ ತೀರಿಸದವರನ್ನು ನಮ್ಮ ಊರಿನಲ್ಲಿ ಬಹಿಷ್ಕರಿಸುತ್ತೇವೆಂದು ಅವನನ್ನು ಬೆದರಿಸು, ಬಹಿಷ್ಕಾರದ ಪತ್ರವನ್ನೇ ಕಳುಹಿಸಿಕೊಡುತ್ತೇವೆ ಎಂದು. ಹತ್ತು ಜನರ ಮುಂದೆ ಒಬ್ಬನ ಮುಖವನ್ನು ಬಿಳಿಚಿಸುವುದು ರಕ್ತ ಸುರಿಸಿದುದಕ್ಕೆ ಸಮವೆಂದು ಅದೇ ಪರಂಪರೆಯ ತಾಲ್ಮೂದು ಹೇಳಿತ್ತು. ಏಲಕ್ಕಿಯ ಲೆಕ್ಕವಾದರೋ ಬಾಕಿಯೇ ಇತ್ತು.